ನಮಗೆ ಯಾವ ಕೆಲಸ ಹೊಂದುತ್ತದೆ?



"ದೊಡ್ಡವರಾದ ಮ್ಯಾಲ ಏನಾಗ್ತೀರಿ?" ಅಂತ ಕೇಳಿದರೆ ನಾವೆಲ್ಲ ಡಾಕ್ಟರ್, ಪೊಲೀಸ್, ಟೀಚರ್ ಅಂತೀವಿ. ಮನೆಯಲ್ಲಿ ಬೇರೆ ಮಾತು ಇರುತ್ತದೆ. ರಬಕವಿ-ಬನಹಟ್ಟಿ ಕಡೆ ಮಗ್ಗ, ಜಮಖಂಡಿ, ಮುಧೋಳ ಕಡೆ ಕಬ್ಬು. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿನಲ್ಲಿ ಹೊಲ ಮುಳುಗಿದ ಎಷ್ಟೋ ಮನೆಗಳಲ್ಲಿ ಹಿರಿಯರ ಕಸಬೇ ಉಳಿದಿಲ್ಲ. ಹಾಗಾದರೆ ನಮಗೆ ಹೊಂದುವ ಕೆಲಸ ಯಾವುದು ಅಂತ ತಿಳಿಯೋದು ಹೆಂಗ? ಇದಕ್ಕೆ ಸಹಾಯ ಮಾಡುವುದೇ ಅಭಿಕ್ಷಮತಾ ಪರೀಕ್ಷೆ, ಅಂದರೆ ಆಪ್ಟಿಟ್ಯೂಡ್ ಟೆಸ್ಟ್.

ಅಭಿಕ್ಷಮತೆ ಅಂದರೆ ಒಂದು ಕೆಲಸವನ್ನು ಬೇಗ ಕಲಿಯುವ ಶಕ್ತಿ. ಶಾಲೆಯ ಪರೀಕ್ಷೆ ಕಲಿತದ್ದನ್ನು ಕೇಳುತ್ತದೆ. ಇದು ಮುಂದೆ ಯಾವುದನ್ನು ಸುಲಭವಾಗಿ ಕಲಿಯಬಹುದು ಅಂತ ನೋಡುತ್ತದೆ. ಎನ್.ಸಿ.ಇ.ಆರ್.ಟಿ. ಮತ್ತು ಸಿ.ಬಿ.ಎಸ್.ಇ. ಸೇರಿ 9 ಮತ್ತು 10ನೇ ತರಗತಿಯವರಿಗೆ 'ತಮನ್ನಾ' ಎಂಬ ಪರೀಕ್ಷೆ ಮಾಡಿವೆ. ಅದರಲ್ಲಿ ಭಾಷೆ, ಲೆಕ್ಕ, ಯಂತ್ರದ ತಿಳಿವಳಿಕೆ ಮುಂತಾದ 7 ಭಾಗಗಳಿವೆ. ಪಾಸು-ನಪಾಸು ಇಲ್ಲ.

ಇಂಥ ಪರೀಕ್ಷೆಗಳ ಪ್ರಶ್ನೆಗಳು ಹೀಗಿರುತ್ತವೆ. ನೀವೂ ಮಾಡಿ ನೋಡಿರಿ.

1) 2, 6, 12, 20, ಮುಂದಿನ ಸಂಖ್ಯೆ ಯಾವುದು?
2) ಮೂರು ಹಲ್ಲಿನ ಚಕ್ರಗಳು ಸಾಲಾಗಿ ಕೂಡಿವೆ. ಮೊದಲನೆಯದು ಬಲಕ್ಕೆ ತಿರುಗಿದರೆ ಮೂರನೆಯದು ಯಾವ ಕಡೆ?
3) ಹಾಳೆಯನ್ನು ಎರಡು ಸಲ ಮಡಚಿ ನಡುವೆ ಒಂದು ತೂತು ಹಾಕಿದರೆ, ಬಿಚ್ಚಿದಾಗ ಎಷ್ಟು ತೂತು?

(ಉತ್ತರ: 30, ಬಲಕ್ಕೆ, 4)

ಮೊದಲನೆಯದು ಲೆಕ್ಕದ್ದು, ಎರಡನೆಯದು ಯಂತ್ರದ್ದು, ಮೂರನೆಯದು ಆಕಾರದ್ದು. ಸಣ್ಣ ವ್ಯತ್ಯಾಸವನ್ನು ಕಣ್ಣಿನಿಂದ ತಟ್ಟನೆ ಹಿಡಿಯುವ ಭಾಗವೂ ಇರುತ್ತದೆ. ನಮ್ಮ ಅಕ್ಕ ಏಳನೇತ್ತಕ್ಕೇ ಸಾಲಿ ಬಿಟ್ಟಾಳ. ಗಣಿತದಾಗ ಕಡಿಮೆ ಮಾರ್ಕ್ಸ್ ಬರತಿದ್ವು, ಎಲ್ಲರೂ ದಡ್ಡಿ ಅಂದ್ರು. ಆದರೆ ಮಗ್ಗದ ಸಾವಿರಾರು ಎಳಿಯಾಗ ಹರಿದ ಒಂದು ಎಳಿ ಆಕೀಗಿ ಎಲ್ಲರಿಗಿಂತ ಮೊದಲ ಕಾಣತದ. ಅದೂ ಒಂದು ಸಾಮರ್ಥ್ಯವೇ. ಅದಕ್ಕೆ ಯಾರೂ ಮಾರ್ಕ್ಸ್ ಕೊಡಲಿಲ್ಲ.

ಆದರೆ ಪರೀಕ್ಷೆಯೇ ಎಲ್ಲ ಅಲ್ಲ. ಅಮೆರಿಕದ ಬೋಸ್ಟನ್ ಊರಿನಲ್ಲಿ 1908ರಲ್ಲಿ ಫ್ರಾಂಕ್ ಪಾರ್ಸನ್ಸ್ ಎಂಬುವರು ಯುವಕರಿಗೆ ಉದ್ಯೋಗದ ಸಲಹೆ ಕೊಡುವ ಕಚೇರಿ ತೆರೆದರು. ಅವರು ಹೇಳಿದ್ದು ಮೂರು ಮಾತು: ಮೊದಲು ನಿನ್ನನ್ನು ತಿಳಿದುಕೋ, ಆಮೇಲೆ ಕೆಲಸಗಳನ್ನು ತಿಳಿದುಕೋ, ಎರಡನ್ನೂ ಕೂಡಿಸಿ ವಿಚಾರ ಮಾಡು. ಪರೀಕ್ಷೆ ಮೊದಲನೆಯದಕ್ಕೆ ಮಾತ್ರ ಸ್ವಲ್ಪ ಸಹಾಯ ಮಾಡುತ್ತದೆ. ಇನ್ನೊಂದು ಮಾತು. ತಿಳಿಯದ ಭಾಷೆಯಲ್ಲಿ ಪ್ರಶ್ನೆ ಕೇಳಿದರೆ ಅದು ನಮ್ಮ ಬುದ್ಧಿಯನ್ನಲ್ಲ, ಭಾಷೆಯನ್ನು ಅಳೆದಂತೆ. ಕಡಿಮೆ ಅಂಕ ಬಂತು ಅಂತ ಯಾರನ್ನೂ ಸಾಲಿ ಬಿಡಿಸಬಾರದು.

ಗೆಳೆಯರೇ, ಮುಂದಿನ ವರ್ಷ ಎಂಟನೇತ್ತದಲ್ಲಿ ನಾವು ಎನ್.ಎಂ.ಎಂ.ಎಸ್. ಪರೀಕ್ಷೆ ಬರೆಯಬಹುದು. ಅದು ಕಸಬು ಹುಡುಕುವ ಪರೀಕ್ಷೆಯಲ್ಲ, ವಿದ್ಯಾರ್ಥಿವೇತನದ ಪರೀಕ್ಷೆ. ಆದರೆ ಅದರ ಮಾನಸಿಕ ಸಾಮರ್ಥ್ಯದ ಪತ್ರಿಕೆಯಲ್ಲಿ ಇಂಥ 90 ಪ್ರಶ್ನೆಗಳಿರುತ್ತವೆ. ಆಯ್ಕೆಯಾದರೆ 9ರಿಂದ 12ನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. "ಇನ್ನ ಸಾಲಿ ಸಾಕು" ಅಂತ ಮನ್ಯಾಗ ಮಾತು ಬಂದಾಗ ಈ ರೊಕ್ಕ ದೊಡ್ಡ ಆಸರೆ. ಏಳನೇತ್ತದಾಗ ಶೇ. 55 ಅಂಕ ಬೇಕು (ಪರಿಶಿಷ್ಟರಿಗೆ 50). ಅಂದರೆ ತಯಾರಿ ಈ ವರ್ಷದಿಂದಲೇ ಸುರು ಮಾಡಬೇಕು. ಗುರುಗಳು ಶನಿವಾರ ಒಂದು ತಾಸು ಇಂಥ ಪ್ರಶ್ನೆ ಬಿಡಿಸಲು ಕಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

— 7ನೇ ತರಗತಿ