ಕಾರಿನಿಂದ ಕೆಲಸಗಾರರಿಗೆ ಇಳಿದ ಪದ

'ಡೌನ್‌ಸೈಜಿಂಗ್' ಆಫೀಸಿಗೆ ಬಂದದ್ದು ಕಾರು ಕಾರ್ಖಾನೆಯಿಂದ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕದ ಭಾರೀ ಕಾರುಗಳಿಗೆ ಪೆಟ್ರೋಲ್ ಹಾಕಿಸುವುದೇ ಕಷ್ಟವಾಯಿತು. ಜನರಲ್ ಮೋಟರ್ಸ್ 1977ರ ಮಾದರಿಯಲ್ಲಿ ತನ್ನ ದೊಡ್ಡ ಕಾರುಗಳ ಉದ್ದ, ತೂಕ ಎರಡನ್ನೂ ಇಳಿಸಿತು. ಆ ಕೆಲಸಕ್ಕಿದ್ದ ಹೆಸರು ಡೌನ್‌ಸೈಜಿಂಗ್. 1980ರ ದಶಕದಲ್ಲಿ ಆ ಹೆಸರು ತಗಡಿನಿಂದ ಜನರಿಗೆ ದಾಟಿತು. ಕಾರಿನ ಮಟ್ಟಿಗೆ ಅದು ನೇರ ಮಾತು. ಜನರ ಮಟ್ಟಿಗೆ ತೆಗೆದವರೂ ಕಾಣರು, ಹೋದವರೂ ಕಾಣರು; ಕುಗ್ಗಿದ್ದು ಕಂಪನಿ, ಅಷ್ಟೇ.

ಅದಕ್ಕಿಂತ ಹಳೆಯ 'ಲೇ-ಆಫ್' ಇಷ್ಟು ಜಾಣ ಪದವಲ್ಲ. ಭಾರತದಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಗೆ 1953ರಲ್ಲಾದ ತಿದ್ದುಪಡಿ ಅದನ್ನು ಬಿಡಿಸಿ ಹೇಳಿತು: ಕಲ್ಲಿದ್ದಲು, ವಿದ್ಯುತ್, ಕಚ್ಚಾವಸ್ತು ಇಲ್ಲದೆಯೋ ಯಂತ್ರ ಕೆಟ್ಟೋ ಕೆಲಸ ಕೊಡಲಾಗದಿದ್ದರೆ ಅದು ಲೇ-ಆಫ್. ಹಾಜರಿ ಪುಸ್ತಕದಲ್ಲಿ ಹೆಸರು ಉಳಿಯುತ್ತದೆ. ಮೂಲವೇತನ, ತುಟ್ಟಿಭತ್ಯೆಯ ಅರ್ಧದಷ್ಟು ಪರಿಹಾರ. ಕೆಲಸದಿಂದ ತೆಗೆಯುವುದು 'ರಿಟ್ರೆಂಚ್‌ಮೆಂಟ್'. ಅದಕ್ಕೆ ತಿಂಗಳ ನೋಟಿಸು, ಸೇವೆಯ ವರ್ಷಕ್ಕೆ 15 ದಿನದ ಸಂಬಳ. ಆ ಪದಗಳನ್ನು ಬಾಯಲ್ಲಾಡಿದರೆ ಹಣ ಕೊಡಬೇಕಾಗುತ್ತಿತ್ತು. ಮುಂದೆ ಬಂದ ಪದಗಳಿಗೆ ಆ ಹಂಗಿಲ್ಲ.

ಡೌನ್‌ಸೈಜಿಂಗ್‌ಗೆ ಕೆಟ್ಟ ಹೆಸರು ಅಂಟಿದ ಮೇಲೆ 'ರೈಟ್‌ಸೈಜಿಂಗ್' ಬಂತು. ಮೊದಲಿದ್ದ ಗಾತ್ರವೇ ತಪ್ಪು ಎಂಬ ಧ್ವನಿ ಅದರದ್ದು. 1990ರಲ್ಲಿ ಮ್ಯಾನೇಜ್‌ಮೆಂಟ್ ಚಿಂತಕ ಮೈಕೆಲ್ ಹ್ಯಾಮರ್ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ 'ರೀ-ಎಂಜಿನಿಯರಿಂಗ್' ಮುಂದಿಟ್ಟರು. ಹಳೆಯ ಕ್ರಮವನ್ನೇ ಕಂಪ್ಯೂಟರಿಗೆ ಏರಿಸಬೇಡಿ, ಅಳಿಸಿ ಹೊಸದಾಗಿ ಕಟ್ಟಿ ಎಂಬುದು ಅವರ ವಾದ. ಉದಾಹರಣೆ ಫೋರ್ಡ್. ಅದರ ಬಿಲ್ ಪಾವತಿ ವಿಭಾಗದಲ್ಲಿ 500ಕ್ಕೂ ಹೆಚ್ಚು ಜನ, ಜಪಾನಿನ ಮಜ್ದಾದಲ್ಲಿ ಐದೇ ಮಂದಿ. ಖರೀದಿ ಆದೇಶ, ಸರಕಿನ ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡುವುದರಲ್ಲೇ ಫೋರ್ಡ್ ಗುಮಾಸ್ತರ ದಿನ ಕಳೆಯುತ್ತಿತ್ತು. ಬಿಲ್ಲನ್ನೇ ಕೈಬಿಟ್ಟು, ಸರಕು ಬಂದೊಡನೆ ಹಣ ಕೊಡುವ ಕ್ರಮ ತಂದಾಗ ಆ ವಿಭಾಗದ ಮುಕ್ಕಾಲು ಪಾಲು ಜನ ಕಡಿಮೆಯಾದರು. ವಿಚಾರ ಗಟ್ಟಿಯಾದದ್ದೇ. ಆದರೆ ಬಹಳಷ್ಟು ಕಂಪನಿಗಳು ಕ್ರಮವನ್ನು ಮುಟ್ಟದೆ ಕೊನೆಯ ಅಂಕಿಯನ್ನಷ್ಟೇ ಕಲಿತವು. ಮನುಷ್ಯರ ಕಡೆ ಸಾಕಷ್ಟು ಗಮನ ಕೊಡಲಿಲ್ಲವೆಂದು ಹ್ಯಾಮರ್ ಅವರೇ 1996ರಲ್ಲಿ ಒಪ್ಪಿಕೊಂಡರು.

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಚಾಲ್ತಿಯಲ್ಲಿರುವುದು 'ಬೆಂಚ್', ಆಟದ ಮೈದಾನದಿಂದ ಬಂದ ಪದ. ಗ್ರಾಹಕ ಕಂಪನಿಗೆ ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವಲ್ಲಿ ಪ್ರಾಜೆಕ್ಟ್ ಇಲ್ಲದವರ ಸಂಬಳ ಬರೀ ಖರ್ಚು. ಬೆಂಚಿನ ಮೇಲಿನ ದಿನಗಳು ಹೆಚ್ಚಿದರೆ ಎಷ್ಟೋ ಸಲ ಎಚ್‌ಆರ್ ಕೇಳುವುದು ರಾಜೀನಾಮೆ ಪತ್ರವನ್ನು. ತಾನಾಗಿ ಬಿಟ್ಟವರ ನಿರ್ಗಮನ ರಿಟ್ರೆಂಚ್‌ಮೆಂಟ್ ಅಲ್ಲ. ವರ್ಷಕ್ಕೆ 15 ದಿನದ ಲೆಕ್ಕವೂ ಅಲ್ಲಿಗೆ ಏಳುವುದಿಲ್ಲ.