ಛತ್ರೀಸೈನಿಕನ ಶಿರಸ್ತ್ರಾಣ: ಅದರ ವಯಸ್ಸನ್ನು ಅರಿಯುವುದು ಹೇಗೆ?

ವಿಮಾನದಿಂದ ಧುಮುಕಿ ಪ್ಯಾರಾಚೂಟಿನ ನೆರವಿನಿಂದ ನೆಲಕ್ಕಿಳಿಯುವ ಯೋಧನೇ ಛತ್ರೀಸೈನಿಕ. ನಮ್ಮ ದೇಶದಲ್ಲಿ ಇಂತಹ ಸೈನಿಕರ ಮೊದಲ ಬ್ರಿಗೇಡು 1941ರಲ್ಲಿ ದೆಹಲಿಯಲ್ಲಿ ರಚಿತವಾಯಿತು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವು 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂದು ನೆಲೆಸಿತು. ಆದುದರಿಂದ ಈ ನಗರದ ಸೈನಿಕ ಕುಟುಂಬವೊಂದರ ಹಳೆಯ ಪೆಟ್ಟಿಗೆಯಲ್ಲಿ ಉಕ್ಕಿನ ಶಿರಸ್ತ್ರಾಣವೊಂದು ದೊರೆತರೆ ಆಶ್ಚರ್ಯಪಡಬೇಕಾಗಿಲ್ಲ. ಅದು ಯಾವ ದೇಶದ್ದು, ಯಾವ ಕಾಲದ್ದು? ಈ ಪ್ರಶ್ನೆಗೆ ಹಿರಿಯರ ನೆನಪು ಒಂದು ಉತ್ತರವನ್ನು ಕೊಟ್ಟರೆ, ವಸ್ತುವು ಮತ್ತೊಂದನ್ನು ಕೊಡಬಹುದು. ವಸ್ತುವಿನ ಸಾಕ್ಷ್ಯವನ್ನು ಪಡೆಯುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ಆಕಾರದ ಸಾಕ್ಷ್ಯ

1915ರಲ್ಲಿ ಬಳಕೆಗೆ ಬಂದ ಬ್ರಿಟಿಷರ ಶಿರಸ್ತ್ರಾಣವು ಬೋರಲು ಹಾಕಿದ ತಟ್ಟೆಯಂತೆ ಅಗಲವಾದ ಅಂಚುಳ್ಳದ್ದು. ಕಂದಕದಲ್ಲಿ ನಿಂತವನ ಮೇಲೆ ಬೀಳುವ ಸಿಡಿಚೂರುಗಳನ್ನು ತಡೆಯಲು ಅದು ತಕ್ಕದ್ದೇ. ಆದರೆ ವಿಮಾನದಿಂದ ಧುಮುಕುವವನಿಗೆ ಆ ಅಂಚೇ ಶತ್ರು. ಗಾಳಿಯು ಅದನ್ನು ಮೇಲಕ್ಕೆತ್ತಿದರೆ ಗದ್ದದ ಪಟ್ಟಿಯು ಕುತ್ತಿಗೆಯನ್ನು ಜಗ್ಗುತ್ತದೆ. ಪ್ಯಾರಾಚೂಟಿನ ಹಗ್ಗಗಳೂ ಅದಕ್ಕೆ ತೊಡರಬಹುದು. ಆದಕಾರಣ ಜರ್ಮನರು 1938ರ ಮಾದರಿಯಲ್ಲಿ ಅಂಚನ್ನು ಬಹುಮಟ್ಟಿಗೆ ತೆಗೆದುಹಾಕಿದರು. ಬ್ರಿಟಿಷರ ಮೊದಲ ಉಕ್ಕಿನ ಮಾದರಿಯಲ್ಲಿ ಅಂಚಿನ ಸುತ್ತ ನಾರುವಸ್ತುವಿನ ದಪ್ಪ ಪಟ್ಟಿಯಿತ್ತು. ಮುಂದೆ ಅದನ್ನು ಬಿಟ್ಟರು. ಗದ್ದದ ಪಟ್ಟಿಯೂ ಮೊದಲು ಚರ್ಮದ್ದಾಗಿದ್ದು, 1944ರ ಸುಮಾರಿಗೆ ನೇಯ್ದ ಪಟ್ಟಿಯಾಯಿತು.

ಲೋಹದ ಸಾಕ್ಷ್ಯ

ಇನ್ನು ಒಂದು ಅಯಸ್ಕಾಂತವನ್ನು ತೆಗೆದುಕೊಳ್ಳಿ. ಜರ್ಮನ್ ಚಿಪ್ಪಿಗೆ ಅದು ಬಲವಾಗಿ ಅಂಟುತ್ತದೆ; ಅಮೆರಿಕದ ‘ಎಂ-1’ ಬಗೆಯ ಚಿಪ್ಪಿಗಾದರೋ ಹೆಚ್ಚುಕಡಮೆ ಅಂಟುವುದೇ ಇಲ್ಲ. ಎರಡೂ ಉಕ್ಕೇ ಆಗಿರಲು ಹೀಗೇಕೆ? ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ 1882ರಲ್ಲಿ ಉಕ್ಕಿಗೆ ಶೇಕಡ 12-13ರಷ್ಟು ಮ್ಯಾಂಗನೀಸನ್ನು ಬೆರೆಸಿ ಹೊಸದೊಂದು ಮಿಶ್ರಲೋಹವನ್ನು ಪಡೆದರು. ನಮ್ಮ ಸಂಡೂರಿನ ಬೆಟ್ಟಗಳಲ್ಲಿಯೂ ಅದಿರಾಗಿ ದೊರೆಯುವ ಲೋಹವೇ ಈ ಮ್ಯಾಂಗನೀಸು. ಸಾಮಾನ್ಯ ಉಕ್ಕನ್ನು ಚೆನ್ನಾಗಿ ಕಾಸಿದಾಗ ಮಾತ್ರ ಕಾಣುವ ಪರಮಾಣುಗಳ ಜೋಡಣೆಯು, ಮ್ಯಾಂಗನೀಸಿನ ಪ್ರಭಾವದಿಂದ, ತಣ್ಣಗಾದ ಮೇಲೂ ಉಳಿದುಬಿಡುತ್ತದೆ. ಆ ಜೋಡಣೆಗೆ ಅಯಸ್ಕಾಂತದ ಸೆಳೆತ ತಟ್ಟದು. ಪೆಟ್ಟು ಬಿದ್ದಷ್ಟೂ ಗಡುಸಾಗುವುದು ಈ ಉಕ್ಕಿನ ಮತ್ತೊಂದು ಗುಣ. ಶಿರಸ್ತ್ರಾಣಕ್ಕೆ ಇದಕ್ಕಿಂತ ಬೇರೇನು ಬೇಕು?

ಅಯಸ್ಕಾಂತವು ಲೋಹವನ್ನು ತಿಳಿಸುತ್ತದೆಯೇ ಹೊರತು ವರ್ಷವನ್ನಲ್ಲ. ವರ್ಷಕ್ಕಾಗಿ ಅಮೆರಿಕದ ಚಿಪ್ಪಿನ ಅಂಚುಪಟ್ಟಿಯ ಬೆಸುಗೆಯನ್ನು ನೋಡಬೇಕು. 1944ರ ಕೊನೆಯವರೆಗೆ ಅದು ಮುಂಭಾಗದಲ್ಲಿದ್ದು, ಅನಂತರ ಹಿಂಭಾಗಕ್ಕೆ ಸರಿಯಿತು. ಪಟ್ಟಿಯನ್ನು ಹಿಡಿಯುವ ಬಳೆಯೂ 1943ರ ಕೊನೆಯವರೆಗೆ ಕದಲದಂತೆ ಬೆಸೆದದ್ದು, ಆಮೇಲೆ ತಿರುಗುವಂಥದು.

ನೂಲಿನ ಸಾಕ್ಷ್ಯ

ಬೆಂಗಳೂರಿನ ದಕ್ಷಿಣಕ್ಕಿರುವ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆಯಿದೆ. ನೂಲಿನ ಎಳೆಯೊಂದನ್ನು ಉರಿಸಿ ಅದರ ಜಾತಿಯನ್ನು ಅರಿಯುವ ಕ್ರಮ ರೇಷ್ಮೆಯನ್ನು ಬಲ್ಲವರಿಗೆಲ್ಲ ಪರಿಚಿತ. ರೇಷ್ಮೆಯು ಕೂದಲು ಸುಟ್ಟ ವಾಸನೆಯನ್ನೂ, ಹತ್ತಿಯು ಕಾಗದ ಸುಟ್ಟ ವಾಸನೆಯನ್ನೂ ಬೀರುತ್ತದೆ. ನೈಲಾನು ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ನೈಲಾನು ಮೊದಲು ತಯಾರಾದದ್ದೇ 1935ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಅದು ಪ್ಯಾರಾಚೂಟಿನ ಬಟ್ಟೆಯಾಗಿ ರೇಷ್ಮೆಯ ಸ್ಥಾನವನ್ನು ಆಕ್ರಮಿಸಿತು. ಹಾಗಾಗಿ ಶಿರಸ್ತ್ರಾಣದೊಡನೆ ಪ್ಯಾರಾಚೂಟಿನ ತುಂಡೊಂದು ಸಿಕ್ಕಿದರೆ ಅದೂ ಒಂದು ಸಾಕ್ಷಿಯೇ. ಆದರೆ ಪರೀಕ್ಷೆಗೆ ತಾನಾಗಿ ಉದುರಿದ ಎಳೆಯೇ ಸಾಕು, ಪಟ್ಟಿಯನ್ನು ಕತ್ತರಿಸಕೂಡದು.

ಏನನ್ನೂ ಸುಡದೆ ಮಾಡುವ ಪರೀಕ್ಷೆಯೂ ಉಂಟು. ಕತ್ತಲೆಯಲ್ಲಿ ಅತಿನೇರಳೆ ದೀಪವನ್ನು ಹಿಡಿದಾಗ ಹೊಲಿಗೆಯ ದಾರವು ನೀಲಿಯಾಗಿ ಹೊಳೆದರೆ, ಮಹಾಯುದ್ಧದ ಅನಂತರ ವ್ಯಾಪಕವಾದ ಬಿಳುಪುಕಾರಕ ರಾಸಾಯನಿಕಗಳು ಅದರಲ್ಲಿವೆಯೆಂದು ಸಂಶಯಿಸಬೇಕು. ಆದರೆ ಇಂದಿನ ಸಾಬೂನುಪುಡಿಯಲ್ಲಿ ತೊಳೆದ ಹಳೆಯ ಪಟ್ಟಿಯೂ ಹಾಗೆಯೇ ಹೊಳೆದೀತು!

ಮುದ್ರೆಯ ಮಿತಿ

ಬ್ರಿಟಿಷ್ ಶಿರಸ್ತ್ರಾಣಗಳಲ್ಲಿ ‘ಬಿ.ಎಂ.ಬಿ.’ ಮುಂತಾದ ತಯಾರಕರ ಅಕ್ಷರಗಳೂ ವರ್ಷವೂ ಮುದ್ರಿತವಾಗಿರುವುದುಂಟು. ಇದನ್ನು ಕಂಡೊಡನೆ ನಿರ್ಣಯಕ್ಕೆ ಬರಬಾರದು. ಚಿಪ್ಪು ಹಳೆಯದಾಗಿ ಒಳಹಾಸು ಹೊಸದಿರಬಹುದು. ಅದರ ಭಾಗಗಳಲ್ಲಿ ಎಲ್ಲಕ್ಕಿಂತ ಹೊಸದು ಯಾವುದೋ, ಅದಕ್ಕಿಂತ ಮೊದಲು ಇಡೀ ವಸ್ತು ಈಗಿನ ರೂಪವನ್ನು ತಾಳಿರಲಾರದು. ಇದೇ ಕಾಲನಿರ್ಣಯದ ಮೂಲಸೂತ್ರ.

ಅಲ್ಲದೆ, ತಯಾರಾದ ವರ್ಷವೇ ಬಳಕೆಯ ವರ್ಷವಲ್ಲ. ನಮ್ಮ ಛತ್ರೀಸೈನ್ಯದ ವೈದ್ಯದಳದವರು ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜರ ನೇತೃತ್ವದಲ್ಲಿ 1951ರ ಮಾರ್ಚ್ 23ರಂದು ಕೊರಿಯಾದ ಮುನ್ಸಾನಿನಲ್ಲಿ ಇಳಿದರು. 1971ರ ಡಿಸೆಂಬರ್ 11ರಂದು ನಮ್ಮ ಯೋಧರು ಟಾಂಗೈಲಿನಲ್ಲಿ ಧುಮುಕಿದರು. 1944ರ ಮುದ್ರೆಯೊಂದರಿಂದಲೇ ಒಂದು ಶಿರಸ್ತ್ರಾಣವು ಯಾವ ಯುದ್ಧವನ್ನು ಕಂಡಿತೆಂದು ಹೇಳಲಾಗದು. ಅದಕ್ಕೆ ಒಳಗೆ ಬರೆದ ಹೆಸರು, ಸೇವಾಸಂಖ್ಯೆ, ಬಣ್ಣದ ಪದರಗಳು ಬೇಕು. ಹಳೆಯ ವಸ್ತುವನ್ನು ಅಂದಗೊಳಿಸಬೇಕೆಂಬ ಒಳ್ಳೆಯ ಉದ್ದೇಶದಿಂದ ಉಜ್ಜಿ ತೊಳೆದು ಹೊಸ ಬಣ್ಣ ಬಳಿದಾಗ ಮೊದಲು ಅಳಿಯುವುವು ಇವೇ. ಸೈನಿಕನೊಬ್ಬನ ಸೇವೆಗೆ ಉಳಿದಿರುವ ಏಕೈಕ ಸಾಕ್ಷಿ ಅದಾಗಿದ್ದರೆ, ಆ ನಷ್ಟವನ್ನು ಯಾವ ಪ್ರಯೋಗಶಾಲೆಯೂ ತುಂಬಿಕೊಡಲಾರದು.