ಉಸಿರೆಳೆದಾಗ ಮುಚ್ಚಿಕೊಳ್ಳುವ ಕದ

ಗಂಟಲಿನ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ಅವನ್ನು ಹತ್ತಿರಕ್ಕೆ ಎಳೆದು ತರುವ ಸ್ನಾಯುಗಳು ಹಲವು. ದೂರ ಸರಿಸಿ ದಾರಿ ಬಿಡಿಸುವ ಸ್ನಾಯು ಒಂದೇ ಜೋಡಿ. ಮುಚ್ಚುವ ಬಲ ಹೆಚ್ಚು, ತೆರೆಯುವ ಬಲ ಕಡಿಮೆ ಎಂಬ ಈ ಏರ್ಪಾಡಿಗೆ ಕಾರಣವಿದೆ. ಮಾತು, ಹಾಡು ಎಲ್ಲ ಆಮೇಲೆ ಬಂದವು. ನುಂಗಿದ ಅನ್ನ, ಕುಡಿದ ನೀರು ಶ್ವಾಸನಾಳಕ್ಕೆ ಬೀಳದಂತೆ ಕಾಯುವುದು ಈ ಅಂಗದ ಮೊದಲ ಕೆಲಸ.

ಎರಡು ಕದದ ಬಾಗಿಲಿನಂತೆ ಇದನ್ನು ಕಲ್ಪಿಸಿಕೊಳ್ಳಬಹುದು. ಉಸಿರೆಳೆದಾಗ ಕದಗಳು ಅಗಲವಾಗಿ ತೆರೆಯುತ್ತವೆ, ಬಿಟ್ಟಾಗ ಕೊಂಚ ಕಿರಿದಾಗುತ್ತವೆ. ನುಂಗುವಾಗ ಪೂರ್ತಿ ಮುಚ್ಚುತ್ತವೆ. ಬಾವಿಯಿಂದ ನೀರು ಸೇದುವಾಗ, ಮೂಟೆ ಎತ್ತುವಾಗ ನಾವು ಉಸಿರು ಬಿಗಿಹಿಡಿಯುವುದೂ ಇವುಗಳ ನೆರವಿನಿಂದಲೇ. ಮಾತಾಡುವಾಗ ಹತ್ತಿರ ಬಂದು ಗಂಡಸರಲ್ಲಿ ಸೆಕೆಂಡಿಗೆ ನೂರು ಚಿಲ್ಲರೆ ಸಲ, ಹೆಂಗಸರಲ್ಲಿ ಸುಮಾರು ಇನ್ನೂರು ಸಲ ಕಂಪಿಸುತ್ತವೆ. ಉದ್ದ ನೋಡಿದರೆ ಒಂದರಿಂದ ಎರಡೂವರೆ ಸೆಂಟಿಮೀಟರು, ಅಷ್ಟೇ.

ಕೆಲವರಲ್ಲಿ ಈ ಕದಗಳ ಲಯ ತಪ್ಪುತ್ತದೆ. ಉಸಿರೆಳೆದಾಗ ತೆರೆಯಬೇಕಾದವು ಆಗಲೇ ಮುಚ್ಚಿಕೊಳ್ಳುತ್ತವೆ. ತಂತುಗಳಲ್ಲಿ ಗಾಯವಿಲ್ಲ, ಗಂಟಿಲ್ಲ, ನರ ಸತ್ತಿಲ್ಲ. ಕೆಟ್ಟಿರುವುದು ಹೊತ್ತು ಮಾತ್ರ. ವೈದ್ಯರು ಇದಕ್ಕೆ ‘ವೋಕಲ್ ಕಾರ್ಡ್ ಡಿಸ್‌ಫಂಕ್ಷನ್’, ಚುಟುಕಾಗಿ ವಿಸಿಡಿ ಎನ್ನುತ್ತಾರೆ.

ಓಟದ ಮೈದಾನದಲ್ಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೋಬಳಿ ಮಟ್ಟ, ತಾಲ್ಲೂಕು ಮಟ್ಟ ದಾಟಿ ಬಂದ ಹುಡುಗಿಯೊಬ್ಬಳು ಇಲ್ಲಿನ ಕ್ರೀಡಾಕೂಟದಲ್ಲಿ 1500 ಮೀಟರ್ ಓಡುತ್ತಿದ್ದಾಳೆ ಎನ್ನಿ. ಕೊನೆಯ ಸುತ್ತಿನಲ್ಲಿ ಕೈ ಕತ್ತಿಗೆ ಹೋಗುತ್ತದೆ. ಉಸಿರೆಳೆದಾಗಲೆಲ್ಲ ‘ಕೀ’ ಎಂಬ ಸದ್ದು. ಪಿ.ಟಿ. ಮೇಷ್ಟ್ರು ಕೂರಿಸಿ, ನೀರು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಎಲ್ಲ ಸರಿಹೋಗಿರುತ್ತದೆ. ‘ಗೂರ್ಲು ಐತೆ, ಓಡಿಸಬ್ಯಾಡಿ ಸಾರ್’ ಎಂದು ಮನೆಯವರು ಹೇಳುತ್ತಾರೆ. ಅವಳ ಓಟ ಅಲ್ಲಿಗೆ ಮುಗಿಯುತ್ತದೆ.

ಇದು ಗೂರಲೇ, ಅಂದರೆ ಉಬ್ಬಸವೇ ಇರಬಹುದು. ಈ ಸೀಮೆಯ ಒಣಹವೆ, ಕಲ್ಲು ಕ್ರಷರ್ ದೂಳು, ಕಡಲೆಕಾಯಿ ಒಕ್ಕಣೆಯ ದೂಳು, ರಸ್ತೆಯಂಚಿನ ಪಾರ್ಥೇನಿಯಂ ಇವೆಲ್ಲ ಉಬ್ಬಸ ಕೆರಳಿಸುವಂಥವೇ. ತೊಡಕಿನ ಸಂಗತಿಯೆಂದರೆ, ದೂಳು, ಹೊಗೆ, ಒಗ್ಗರಣೆಯ ಘಾಟು, ಥಂಡಿಗಾಳಿ ವಿಸಿಡಿಯನ್ನೂ ಕೆರಳಿಸುತ್ತವೆ. ಮೂಗಿನ ಹಿಂಬದಿಯಿಂದ ಇಳಿಯುವ ಸಿಂಬಳ, ಹೊಟ್ಟೆಯಿಂದ ಮೇಲೇರುವ ಹುಳಿ, ಪರೀಕ್ಷೆಯ ದಿಗಿಲು ಕೂಡ ಕಾರಣವಾಗಬಹುದು.

ಆದರೂ ಎರಡನ್ನೂ ಬೇರ್ಪಡಿಸುವ ಗುರುತುಗಳಿವೆ. ಉಬ್ಬಸದಲ್ಲಿ ಕಿರಿದಾಗುವುದು ಎದೆಯೊಳಗಿನ ಸಣ್ಣ ನಾಳಗಳು. ಹಾಗಾಗಿ ಉಸಿರು ಬಿಡುವುದೇ ಕಷ್ಟ, ಸಿಳ್ಳೆ ಕೇಳುವುದು ಬಿಡುವಾಗ, ಸ್ಟೆತಾಸ್ಕೋಪಿಗೆ ಅದು ಸಿಗುವುದು ಎದೆಯಲ್ಲಿ. ವಿಸಿಡಿಯಲ್ಲಿ ಕಷ್ಟ ಹೆಚ್ಚಾಗಿ ಉಸಿರು ಎಳೆಯುವಾಗ, ಸದ್ದು ಜೋರಾಗಿರುವುದು ಕತ್ತಿನ ಮೇಲೆ. ಬಿಗಿ ಎಲ್ಲಿ ಎಂದು ಕೇಳಿದರೆ ರೋಗಿ ಎದೆ ಮುಟ್ಟುವುದಕ್ಕಿಂತ ಗಂಟಲು ಮುಟ್ಟಿ ತೋರಿಸುವುದೇ ಹೆಚ್ಚು.

ಸಮಯವೂ ಸುಳಿವು ಕೊಡುತ್ತದೆ. ಓಟದಿಂದ ಕೆರಳುವ ಉಬ್ಬಸ ಸಾಮಾನ್ಯವಾಗಿ ಓಟ ನಿಂತ ಮೇಲೆ, ಐದರಿಂದ ಹದಿನೈದು ನಿಮಿಷದಲ್ಲಿ ಜೋರಾಗುತ್ತದೆ. ಗಂಟಲಿನದು ಓಟದ ತುತ್ತತುದಿಯಲ್ಲೇ ಹಿಡಿದು, ನಿಂತ ಕೆಲವೇ ನಿಮಿಷಗಳಲ್ಲಿ ಬಿಡುತ್ತದೆ. ಅಷ್ಟು ಒದ್ದಾಡಿದರೂ ಬೆರಳಿನ ಆಕ್ಸಿಮೀಟರಿನಲ್ಲಿ ಅಂಕಿ ಬಹುತೇಕ ಇಳಿದಿರುವುದಿಲ್ಲ. ಇನ್‌ಹೇಲರ್ ಎಳೆದರೂ ಫಲ ಅಷ್ಟಕ್ಕಷ್ಟೆ.

ಕನ್ನಡಿಯಿಂದ ಕ್ಯಾಮೆರಾವರೆಗೆ

ಅನುಮಾನ ಬಗೆಹರಿಯಬೇಕಾದರೆ ಕಣ್ಣಾರೆ ನೋಡಬೇಕು. ಬದುಕಿರುವ ಮನುಷ್ಯನ ಧ್ವನಿತಂತುಗಳ ಆಟವನ್ನು ನೋಡಿ ವಿವರವಾಗಿ ಬರೆದಿಟ್ಟವನು ವೈದ್ಯನಲ್ಲ, ಮ್ಯಾನ್ಯುಯೆಲ್ ಗಾರ್ಸಿಯ ಎಂಬ ಸ್ಪೇನ್ ಮೂಲದ ಸಂಗೀತ ಮೇಷ್ಟ್ರು. 1854ರಲ್ಲಿ ಆತ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನು ತನ್ನದೇ ಗಂಟಲಿಗಿಟ್ಟು, ಇನ್ನೊಂದು ಕನ್ನಡಿಯಿಂದ ಬಿಸಿಲನ್ನು ಒಳಗೆ ಹಾಯಿಸಿ ನೋಡಿದ. ಮರುವರ್ಷ ಆ ಅವಲೋಕನಗಳು ಲಂಡನ್ನಿನ ರಾಯಲ್ ಸೊಸೈಟಿಗೆ ಹೋದವು. ಕೆಲವೇ ವರ್ಷಗಳಲ್ಲಿ ವೈದ್ಯರು ಬಿಸಿಲಿನ ಬದಲು ದೀಪ ಬಳಸಿ ಅದನ್ನು ಆಸ್ಪತ್ರೆಯ ಉಪಕರಣ ಮಾಡಿಕೊಂಡರು. 1868–69ರ ಸುಮಾರಿಗೆ ಲಂಡನ್ನಿನ ಮೊರೆಲ್ ಮೆಕೆಂಜಿ ಅದೇ ಕನ್ನಡಿಯಲ್ಲಿ, ಉಸಿರೆಳೆದಾಗ ತಂತುಗಳು ಮುಚ್ಚಿಕೊಳ್ಳುವುದನ್ನು ಕಂಡ.

ಕಂಡದ್ದು ಸರಿ, ಕೊಟ್ಟ ವಿವರಣೆ ಅಡ್ಡದಾರಿ ಹಿಡಿಯಿತು. ಇಂಥ ಉಸಿರಾಟದ ತೊಂದರೆಗೆ 1842ರಿಂದಲೇ ಹಿಸ್ಟೀರಿಯಾ ಎಂಬ ಹಣೆಪಟ್ಟಿ ಇತ್ತು. ಹೆಂಗಸರ ನಾಟಕ ಎಂಬ ಧೋರಣೆ ಮುಂದಿನ ನೂರು ವರ್ಷವೂ ಹೋಗಲಿಲ್ಲ. ಅಮೆರಿಕದ ಡೆನ್ವರ್ ನಗರದ ವೈದ್ಯರು 1983ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಐವರು ರೋಗಿಗಳ ಕಥೆ ಬರೆದ ಮೇಲೆ ನೋಟ ಬದಲಾಯಿತು. ಐವರಿಗೂ ಹತೋಟಿಗೆ ಬಾರದ ಉಬ್ಬಸವೆಂದು ಚಿಕಿತ್ಸೆ ನಡೆದಿತ್ತು. ತೊಂದರೆ ಬಂದ ಹೊತ್ತಿನಲ್ಲಿ ಗಂಟಲು ನೋಡಿದರೆ ಸಿಕ್ಕಿದ್ದು ಮುಚ್ಚಿದ ತಂತುಗಳು. ಅವರನ್ನು ಸುಧಾರಿಸಿದ್ದು ವಾಕ್‌ಚಿಕಿತ್ಸೆ ಮತ್ತು ಮನೋಚಿಕಿತ್ಸೆ.

ಇಂದು ಬಳಸುವುದು ಬಾಗುವ ಲ್ಯಾರಿಂಗೋಸ್ಕೋಪ್. 1968ರಲ್ಲಿ ಜಪಾನಿನ ಸವಾಶಿಮಾ ಮತ್ತು ಹಿರೋಸೆ ಗಾಜಿನೆಳೆಗಳ ಕಂತೆಯಿಂದ ಇಂಥದ್ದನ್ನು ರೂಪಿಸಿದರು. ಈಗ ಎಷ್ಟೋ ಉಪಕರಣಗಳಲ್ಲಿ ಗಾಜಿನೆಳೆಯ ಜಾಗಕ್ಕೆ ತುದಿಯಲ್ಲೇ ಕೂರುವ ಪುಟಾಣಿ ಕ್ಯಾಮೆರಾ ಬಂದಿದೆ. ಪೆನ್ಸಿಲಿಗಿಂತ ತೆಳುವಾದ ನಳಿಕೆಯನ್ನು ಮೂಗಿನ ಮೂಲಕ ಇಳಿಸುತ್ತಾರೆ; ಬಾಯಿ ಬಿಡುವಾಗಿರುವುದರಿಂದ ರೋಗಿ ಮಾತಾಡಬಹುದು, ಜೋರಾಗಿ ಉಸಿರಾಡಬಹುದು. ವಿಸಿಡಿ ಇದ್ದರೆ ತಂತುಗಳ ಮುಂಭಾಗ ಕೂಡಿಕೊಂಡು, ಹಿಂದೆ ವಜ್ರಾಕಾರದ ಸಣ್ಣ ಕಿಂಡಿಯಷ್ಟೇ ಉಳಿದಿರುವುದು ಪರದೆಯ ಮೇಲೆ ಕಾಣುತ್ತದೆ. ಸ್ಪೈರೋಮೀಟರಿಗೆ ಊದಿಸಿದರೂ ಒಂದು ಸುಳಿವು ಸಿಗಬಹುದು: ಉಸಿರು ಬಿಡುವ ಗೆರೆ ಸರಿಯಾಗಿರುತ್ತದೆ, ಎಳೆಯುವ ಗೆರೆ ದುಂಡಗಿರಬೇಕಾದಲ್ಲಿ ಚಪ್ಪಟೆಯಾಗಿರುತ್ತದೆ.

ಈ ಯಂತ್ರಗಳಿಗೆ ಒಂದು ಮಿತಿಯಿದೆ. ತೊಂದರೆ ಇಲ್ಲದ ಹೊತ್ತಿನಲ್ಲಿ ನೋಡಿದರೆ ತಂತುಗಳು ಚೊಕ್ಕವಾಗಿಯೇ ಕಾಣುತ್ತವೆ. ಈ ಫಜೀತಿ ಪಶುವೈದ್ಯರಿಗೂ ಗೊತ್ತು. ರೇಸ್ ಕುದುರೆಗಳಲ್ಲಿ ಎಡಗಡೆಯ ಧ್ವನಿತಂತುವಿನ ನರ ಸೊರಗಿ, ಓಡುವಾಗ ಬುಸುಗುಟ್ಟುವ ಕಾಯಿಲೆಯುಂಟು. ನಿಂತ ಕುದುರೆಯಲ್ಲಿ ಸರಿಯಾಗಿ ತಿಳಿಯದ್ದನ್ನು ಅವರು ಟ್ರೆಡ್‌ಮಿಲ್ ಮೇಲೆ ಓಡಿಸಿ, ಮೂಗಿನಲ್ಲಿ ನಳಿಕೆಯಿಟ್ಟು ಪತ್ತೆ ಮಾಡುತ್ತಾರೆ. ನಾರ್ವೆಯ ಬರ್ಗನ್ ನಗರದ ವೈದ್ಯರು 2006ರಲ್ಲಿ ಪ್ರಕಟಿಸಿದ ವಿಧಾನವೂ ಇದೇ ಬಗೆಯದು: ತಲೆಗೆ ಕಟ್ಟಿದ ಚೌಕಟ್ಟಿಗೆ ನಳಿಕೆ ಸಿಕ್ಕಿಸಿ, ಮನುಷ್ಯರನ್ನು ಓಡಿಸುತ್ತಲೇ ಗಂಟಲು ನೋಡುವುದು.

ಔಷಧಿ ಕಡಿಮೆ, ಅಭ್ಯಾಸ ಹೆಚ್ಚು

ಚಿಕಿತ್ಸೆಯ ಮುಖ್ಯಭಾಗ ಉಸಿರಿಗೆ ಮರಳಿ ಪಾಠ ಹೇಳುವುದು. ಮೂಗಿನಿಂದ ಹೂವಿನ ವಾಸನೆ ನೋಡುವಂತೆ ಚುಟುಕಾಗಿ ಎಳೆದರೆ ಆ ತೆರೆಯುವ ಸ್ನಾಯುಜೋಡಿ ಚುರುಕಾಗುತ್ತದೆ. ಆಮೇಲೆ ತುಟಿ ಕಿರಿದು ಮಾಡಿ, ಇಲ್ಲವೇ ‘ಸ್…’ ಎನ್ನುತ್ತ ನಿಧಾನವಾಗಿ ಬಿಡಬೇಕು. ಭುಜ, ಕತ್ತು ಸಡಿಲವಾಗಿರಬೇಕು, ಏರಿಳಿಯಬೇಕಾದದ್ದು ಹೊಟ್ಟೆ. ಆರಾಮಾಗಿರುವಾಗ ದಿನವೂ ಅಭ್ಯಾಸ ಮಾಡಿದ್ದರೆ ಮಾತ್ರ ಉಸಿರು ಸಿಕ್ಕಿಕೊಂಡಾಗ ಅದು ನೆನಪಿಗೆ ಬರುತ್ತದೆ. ಜತೆಗೆ ಹೊಟ್ಟೆಯ ಹುಳಿಗೆ, ಮೂಗಿನ ಅಲರ್ಜಿಗೆ ಬೇಕಾದ ಚಿಕಿತ್ಸೆ. ಎಲ್ಲಕ್ಕಿಂತ ಮೊದಲು ರೋಗಿಗೆ ಅವಳ ಗಂಟಲಿನ ವಿಡಿಯೊ ತೋರಿಸಿ, ‘ಇದು ನಿನ್ನ ನಾಟಕವಲ್ಲ, ಪ್ರಾಣಕ್ಕೂ ಕುತ್ತಲ್ಲ’ ಎಂದು ಹೇಳುವುದು. ದಿಗಿಲು ಇಳಿದರೆ ಗಂಟಲೂ ಸಡಿಲಾಗುತ್ತದೆ.

ಇದನ್ನು ಕಲಿಸುವವರು ವಾಕ್‌ಚಿಕಿತ್ಸಕರು. ಅವರನ್ನು ತಯಾರುಮಾಡುವ ದೇಶದ ಹಿರಿಯ ಸಂಸ್ಥೆ ನಮ್ಮಲ್ಲೇ ಇದೆ, 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಅಲ್ಲಿ ಇಂಟರ್ನ್‌ಷಿಪ್ ಸೇರಿ ನಾಲ್ಕು ವರ್ಷದ ಪದವಿ ಇದೆ, ಸ್ನಾತಕೋತ್ತರ ಶಿಕ್ಷಣವಿದೆ. ತೊದಲು, ಕಿವುಡು, ಮಕ್ಕಳ ಮಾತಿನ ತಡ ಇವಕ್ಕೆ ಅಲ್ಲಿಗೆ ಹೋಗಬೇಕೆಂಬುದು ಜನರಿಗೆ ಗೊತ್ತು. ಉಸಿರು ಸಿಕ್ಕಿಕೊಳ್ಳುವವರಿಗೂ ಇದೇ ಕಸುಬಿನವರ ಬಳಿ ಮದ್ದಿದೆ ಎಂಬುದು ಎಷ್ಟೋ ವೈದ್ಯರಿಗೇ ಹೊಸ ಸುದ್ದಿ.

ಎರಡು ಎಚ್ಚರಿಕೆ

ಮೊದಲನೆಯದು, ಉಬ್ಬಸವೂ ವಿಸಿಡಿಯೂ ಒಬ್ಬರಲ್ಲೇ ಇರಬಹುದು. ಈ ಲೇಖನ ಓದಿ ಯಾರೂ ಇನ್‌ಹೇಲರ್ ಬಿಡಬಾರದು.

ಎರಡನೆಯದು, ಉಸಿರೆಳೆದಾಗ ಸದ್ದು ಬಂದದ್ದೆಲ್ಲ ವಿಸಿಡಿಯಲ್ಲ. ಶಿರಾ, ಪಾವಗಡದಂಥ ಕಡಲೆಕಾಯಿ ಸೀಮೆಯಲ್ಲಿ ಇದನ್ನು ಒತ್ತಿ ಹೇಳಬೇಕು: ಭಾರತದ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ವಸ್ತುಗಳಲ್ಲಿ ಕಡಲೆಬೀಜಕ್ಕೆ ಅಗ್ರಸ್ಥಾನ. ಮಗು ಇದ್ದಕ್ಕಿದ್ದಂತೆ ಕೆಮ್ಮಿ ಉಸಿರಿಗೆ ಒದ್ದಾಡಿದರೆ ಮೊದಲು ನೆನೆಯಬೇಕಾದದ್ದು ಅದನ್ನೇ. ತುಟಿ ನೀಲಿಯಾದರೆ, ಆಕ್ಸಿಜನ್ ಇಳಿದರೆ, ಮುಖ ನಾಲಿಗೆ ಊದಿಕೊಂಡರೆ, ಜ್ವರದ ಜತೆ ಜೊಲ್ಲು ಸುರಿದರೆ, ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರಿಗೆ ಸದ್ದು ಶುರುವಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.

ಮೊದಲು ಯಾರಿಗೆ ಕಲಿಸಬೇಕು?

ವಿಸಿಡಿಯ ತರಬೇತಿ ಎಂದರೆ ಶ್ವಾಸಕೋಶ ತಜ್ಞರ, ಕಿವಿ ಮೂಗು ಗಂಟಲು ತಜ್ಞರ ಸಮ್ಮೇಳನಗಳೇ ನೆನಪಾಗುತ್ತವೆ. ಆದರೆ ತಜ್ಞರ ಮುಂದೆ ಈ ಕಾಯಿಲೆ ಮುಖ ತೋರಿಸುವುದು ಅಪರೂಪ. ಕೊರಟಗೆರೆಯಿಂದ ತಜ್ಞರಿರುವ ತುಮಕೂರಿಗೆ ಸುಮಾರು 25 ಕಿಲೋಮೀಟರು, ಪಾವಗಡದಿಂದ ಸುಮಾರು 100. ಕೆಲವೇ ನಿಮಿಷದಲ್ಲಿ ಬಿಟ್ಟುಹೋಗುವ ಉಸಿರುಕಟ್ಟು ಬಸ್ಸು ಹತ್ತಿ ತುಮಕೂರು ಮುಟ್ಟುವುದುಂಟೇ? ಅದನ್ನು ಕಾಣುವವರು ಪಿ.ಟಿ. ಮೇಷ್ಟ್ರು, ಹಾಸ್ಟೆಲ್ ವಾರ್ಡನ್, ಆಶಾ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ತರಬೇತಿ ಅವರಿಂದಲೇ ಶುರುವಾಗಬೇಕು.

ಅವರು ಕಲಿಯಬೇಕಾದದ್ದು ಒಂದು ಪುಟಕ್ಕೆ ಮೀರುವುದಿಲ್ಲ. ಕಷ್ಟ ಎಳೆಯುವಾಗಲೋ ಬಿಡುವಾಗಲೋ, ಬಿಗಿ ಗಂಟಲಲ್ಲೋ ಎದೆಯಲ್ಲೋ, ಎಷ್ಟು ನಿಮಿಷ ಇತ್ತು, ಆಕ್ಸಿಮೀಟರ್ ಎಷ್ಟು ತೋರಿಸಿತು ಎಂಬ ನಾಲ್ಕು ಪ್ರಶ್ನೆ. ಒಬ್ಬರು ಮಗುವಿನ ಆರೈಕೆಯಲ್ಲಿರುವಾಗ ಇನ್ನೊಬ್ಬರು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ, ಸದ್ದು ಕೇಳುವಂತೆ. ವಿಡಿಯೊ ರೋಗವನ್ನು ಸಾಬೀತು ಮಾಡದು, ಮುಂದಿನ ಪರೀಕ್ಷೆ ಯಾವುದೆಂದು ತೋರಿಸುತ್ತದೆ. ತಾಲ್ಲೂಕಿನ ವೈದ್ಯರು ನೆಬ್ಯುಲೈಸರ್ ಹಚ್ಚುವುದರ ಜತೆಗೆ ಸ್ಟೆತಾಸ್ಕೋಪನ್ನು ಒಮ್ಮೆ ಕತ್ತಿನ ಮೇಲೂ ಇಟ್ಟು, ಕೇಳಿದ್ದನ್ನು ಬರೆಯಬೇಕು. ರೆಫರಲ್ ಚೀಟಿಯಲ್ಲಿ ‘ಉಬ್ಬಸ’ ಎಂದಷ್ಟೇ ಇದ್ದರೆ ಹುಡುಗಿ ಇನ್ನೊಂದು ಇನ್‌ಹೇಲರ್ ಹಿಡಿದು ಊರಿಗೆ ಮರಳುತ್ತಾಳೆ. ‘ಸದ್ದು ಗಂಟಲಲ್ಲಿ, ಉಸಿರೆಳೆಯುವಾಗ, ಎದೆ ಚೊಕ್ಕ’ ಎಂದು ಒಂದು ಸಾಲು ಸೇರಿಸಿದರೆ ಗಂಟಲು ತಜ್ಞರ ಕೈಗೆ, ಅಲ್ಲಿಂದ ವಾಕ್‌ಚಿಕಿತ್ಸಕರ ಕೈಗೆ ಹೋಗುತ್ತಾಳೆ. ಆ ಒಂದು ಸಾಲು ಬರೆಯಲು ನಾಲ್ಕು ತಾಲ್ಲೂಕಿನಲ್ಲಿ ಯಾವ ಹೊಸ ಯಂತ್ರವನ್ನೂ ಕೊಳ್ಳಬೇಕಿಲ್ಲ.